ಎಂಟನೇ ಕ್ಲಾಸಿನ ಮಗುವಿಗೆ ಈಗಲೇ ಕಾಲೇಜಿನ ಯೋಚನೆ ಬೇಕಾ?

ಮಗುವನ್ನು ಎಂಟನೇ ಕ್ಲಾಸಿಗೆ ಸೇರಿಸುವಾಗ ಈಗೀಗ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ‘ಫೌಂಡೇಶನ್ ಕೋರ್ಸಿಗೂ ಹಾಕ್ತೀರಾ?’ ಅಂದರೆ ಪಿಯುಸಿ ಕೊನೆಯ ಪ್ರವೇಶ ಪರೀಕ್ಷೆಗಳಿಗೆ ಹೈಸ್ಕೂಲಿನಿಂದಲೇ ಕೊಡುವ ಕೋಚಿಂಗ್. ಮೈಸೂರಿನ ದೊಡ್ಡ ಶಾಲೆಗಳಲ್ಲಿ ಮೊದಲು ಕೇಳಿಬರುತ್ತಿದ್ದ ಈ ಮಾತು ಈಗ ಮಂಡ್ಯ, ಮದ್ದೂರಿನ ಕಡೆಯೂ ಬಂದಿದೆ. ರಸ್ತೆ ಬದಿಯ ಫ್ಲೆಕ್ಸುಗಳ ತುಂಬಾ ನೀಟ್, ಜೆಇಇ, ಸಿಇಟಿ. ಮನೆಯಲ್ಲಿ ಯಾರೂ ಪಿಯುಸಿ ದಾಟಿಲ್ಲದಿದ್ದರೆ ಆ ಮೂರು ಹೆಸರುಗಳಿಗೆ ಅರ್ಥವೇ ಇರುವುದಿಲ್ಲ. ಆದರೂ ಫೀಸು ಮಾತ್ರ ಈಗಲೇ ಕಟ್ಟಿ ಅನ್ನುತ್ತಾರೆ.

ಹದಿಮೂರು ವರ್ಷದ ಮಗು ಮುಂದೆ ಏನಾಗಬೇಕು ಅಂತ ಈಗಲೇ ತೀರ್ಮಾನ ಮಾಡಬೇಕಿಲ್ಲ. ಆದರೆ ಎಂಟರಿಂದ ಹತ್ತರವರೆಗೆ ನಾವು ತೆಗೆದುಕೊಳ್ಳುವ ಕೆಲವು ತೀರ್ಮಾನಗಳು ಪಿಯುಸಿ ಆದ ಮೇಲೆ ಸೀಟು ಸಿಗುವಾಗ ಲೆಕ್ಕಕ್ಕೆ ಬರುತ್ತವೆ. ತಮಾಷೆ ಅಂದ್ರೆ, ಆ ತೀರ್ಮಾನಗಳಲ್ಲಿ ಫೌಂಡೇಶನ್ ಕೋರ್ಸು ಇಲ್ಲ. ಶಾಲೆ ಯಾವ ಊರಿನಲ್ಲಿದೆ, ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಆಧಾರ್‌ನಲ್ಲಿ ಹೆಸರು ಹೇಗಿದೆ ಇಂಥವು ಇವೆ.

ಮೊದಲು ಹೆಸರುಗಳು

ಎಸ್‌ಎಸ್‌ಎಲ್‌ಸಿ ಅಂದರೆ ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಅದಾದ ಮೇಲಿನ ಎರಡು ವರ್ಷ ಪಿಯುಸಿ. ಸಿಬಿಎಸ್‌ಇ ಶಾಲೆಗಳಲ್ಲಿ ಅದನ್ನೇ ಹನ್ನೊಂದು, ಹನ್ನೆರಡನೇ ಕ್ಲಾಸು ಅನ್ನುತ್ತಾರೆ. ನಮ್ಮಲ್ಲಿ ಪಿಯುಸಿ ಓದುವ ಜಾಗಕ್ಕೂ ಕಾಲೇಜು, ಡಿಗ್ರಿ ಓದುವ ಜಾಗಕ್ಕೂ ಕಾಲೇಜು. ಹಾಗಾಗಿ ‘ಮಗ ಕಾಲೇಜಿಗೆ ಸೇರಿದ’ ಅಂದರೆ ಯಾವುದಕ್ಕೆ ಅಂತ ಮತ್ತೆ ಕೇಳಬೇಕು.

ಪಿಯುಸಿ ನಂತರ ಡಿಗ್ರಿ. ಬಿಎ, ಬಿಎಸ್ಸಿ, ಬಿಕಾಂ ಮೂರು ವರ್ಷ. ನಡುವೆ ಕೆಲವು ವರ್ಷ ಇದ್ದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟಿತು. ಎಂಜಿನಿಯರಿಂಗ್ ನಾಲ್ಕು ವರ್ಷ. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ. ವಕೀಲಿ ಓದನ್ನು ಪಿಯುಸಿ ಆದ ಕೂಡಲೇ ಶುರು ಮಾಡಿದರೆ ಐದು ವರ್ಷ.

ಹತ್ತರ ನಂತರ ಪಿಯುಸಿ ಒಂದೇ ಇರೋದಲ್ಲ

ಎಸ್‌ಎಸ್‌ಎಲ್‌ಸಿ ಪಾಸಾದವರ ಮುಂದೆ ಮುಖ್ಯವಾಗಿ ಮೂರು ದಾರಿ: ಪಿಯುಸಿ, ಡಿಪ್ಲೊಮಾ, ಐಟಿಐ. ಮನೆಗಳಲ್ಲಿ ಚರ್ಚೆ ಆಗೋದು ಮೊದಲನೆಯದರ ಬಗ್ಗೆ ಮಾತ್ರ. ಉಳಿದೆರಡನ್ನು ‘ಮಾರ್ಕ್ಸ್ ಬರದವರಿಗೆ’ ಅಂತ ಬದಿಗಿಡುತ್ತಾರೆ. ಇದರಲ್ಲಿ ಒಂದು ಲೆಕ್ಕ ತಪ್ಪಿದೆ.

ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮೂರು ವರ್ಷ. ಮುಗಿಸಿದವರು ಡಿಸಿಇಟಿ ಅನ್ನುವ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಅಲ್ಲಿ ಉಳಿಯೋದು ಮೂರು ವರ್ಷ. ಒಟ್ಟು ಆರು. ಪಿಯುಸಿ ಕಡೆಯಿಂದ ಹೋದವರಿಗೂ ಎರಡು ಮತ್ತು ನಾಲ್ಕು ಸೇರಿ ಆರೇ ವರ್ಷ. ಡಿಪ್ಲೊಮಾ ಮಾಡಿದರೆ ಒಂದು ವರ್ಷ ಹಾಳು ಅನ್ನುವ ಮಾತು ನಿಜವಲ್ಲ. ಮೇಲಾಗಿ ಮೂರನೇ ವರ್ಷದ ಕೊನೆಗೆ ಮನೆಯಲ್ಲಿ ದುಡ್ಡಿನ ತೊಂದರೆ ಬಂದರೆ ಡಿಪ್ಲೊಮಾದವರು ಕೆಲಸಕ್ಕೆ ಹೋಗಬಹುದು. ಪಿಯುಸಿ ಮಾತ್ರ ಮುಗಿಸಿದವರಿಗೆ ಅದು ಅಷ್ಟು ಸುಲಭವಲ್ಲ.

ಡಿಪ್ಲೊಮಾಕ್ಕೆ ಸೀಟು ಕೊಡೋದು ಎಸ್‌ಎಸ್‌ಎಲ್‌ಸಿ ಅಂಕ ನೋಡಿ. ಮೈಸೂರಿನಲ್ಲಿ ಸರ್ಕಾರದ ಸಿಪಿಸಿ ಪಾಲಿಟೆಕ್ನಿಕ್ ಇದೆ. ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಕಲಿಸುತ್ತಾರೆ, ಅಂದರೆ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಯಾರಿಸುವ ಅಚ್ಚು, ಉಪಕರಣಗಳನ್ನು ಮಾಡುವ ಕೆಲಸ. ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಇದೆ. ಊರಿನಲ್ಲೇ ಇದ್ದರೂ ಈ ಹೆಸರು ಗೊತ್ತಿರುವ ಮನೆ ಕಡಿಮೆ.

ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರೀಷಿಯನ್‌ನಂಥ ಒಂದೊಂದು ಕಸುಬು ಕಲಿಸುತ್ತಾರೆ. ಒಂದು ಅಥವಾ ಎರಡು ವರ್ಷ. ಅದಾದ ಮೇಲೆ ಅಪ್ರೆಂಟಿಸ್ ಆಗಿ ಕಾರ್ಖಾನೆಗೆ ಹೋಗಬಹುದು. ಮೈಸೂರಿನ ರೈಲ್ವೆ ವರ್ಕ್‌ಶಾಪಿಗೂ ಹೀಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ: ಡಿಪ್ಲೊಮಾ ದಾರಿ ಎಂಜಿನಿಯರಿಂಗ್‌ಗೆ ಹೋಗುತ್ತದೆ, ಮೆಡಿಕಲ್‌ಗೆ ಹೋಗುವುದಿಲ್ಲ.

ಕಾಂಬಿನೇಷನ್ ಅಂದರೆ ಏನು?

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಆ ನಾಲ್ಕು ವಿಷಯಗಳ ಗುಂಪಿಗೇ ಕಾಂಬಿನೇಷನ್ ಅನ್ನೋದು. ಪಿಸಿಎಂಬಿ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಕೊನೆಯ ಬಿ ಬದಲು ಸಿ ಬಂದರೆ ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್. ಕಾಮರ್ಸ್‌ನಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಅರ್ಥಶಾಸ್ತ್ರದ ಜತೆ ಇತಿಹಾಸವೋ ಕಂಪ್ಯೂಟರೋ ಸ್ಟ್ಯಾಟಿಸ್ಟಿಕ್ಸೋ ಇರುತ್ತದೆ. ಆರ್ಟ್ಸ್‌ನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳು.

ನಾಲೆ ಬಯಲಿನವರಿಗೆ ಇದನ್ನು ಹೇಳೋದು ಸುಲಭ. ತೂಬಿನಿಂದ ನೀರು ಮೇಲಿನ ಗದ್ದೆಗೆ ಬಂದರೆ ಅಲ್ಲಿಂದ ಕೆಳಗಿನ ಗದ್ದೆಗೆ ಯಾವಾಗ ಬೇಕಾದರೂ ಬಿಡಬಹುದು. ಕೆಳಗಿನ ಗದ್ದೆಗೆ ಇಳಿದ ನೀರು ಮಾತ್ರ ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಪಿಸಿಎಂಬಿ ಓದಿದವರು ಆಮೇಲೆ ಬಿಕಾಂ, ಬಿಎ, ಕಾನೂನು ಯಾವುದಕ್ಕೆ ಬೇಕಾದರೂ ಹೋಗಬಹುದು. ಕಾಮರ್ಸ್ ಓದಿದವರು ಎಂಜಿನಿಯರಿಂಗ್‌ಗೆ ಬರಬೇಕೆಂದರೆ ಪಿಯುಸಿಯನ್ನೇ ಹೊಸದಾಗಿ ಓದಬೇಕು. ಪಿಸಿಎಂಸಿಯವರಿಗೆ ಎಂಜಿನಿಯರಿಂಗ್ ಇದೆ. ಜೀವಶಾಸ್ತ್ರ ಕೇಳುವ ಮೆಡಿಕಲ್, ಪಶುವೈದ್ಯಕೀಯ, ಬಿಎಸ್ಸಿ ಕೃಷಿಗೆ ಹೋಗುವ ದಾರಿ ಅವರಿಗೆ ಅಷ್ಟು ಸಲೀಸಾಗಿ ಇಲ್ಲ.

ಹಾಗಂತ ಎಲ್ಲರೂ ಪಿಸಿಎಂಬಿ ತೆಗೆದುಕೊಳ್ಳಬೇಕಾ? ಇಲ್ಲ. ನಾಲ್ಕೂ ಭಾರದ ವಿಷಯಗಳು. ಗಣಿತ ಕಂಡರೆ ಹೆದರುವ ಮಗುವನ್ನು ‘ಎಲ್ಲ ದಾರಿಯೂ ಇರಲಿ’ ಅಂತ ಅಲ್ಲಿಗೆ ನೂಕಿದರೆ ಪಿಯುಸಿಯಲ್ಲೇ ಫೇಲಾಗಿ ಯಾವ ದಾರಿಯೂ ಉಳಿಯದೆ ಹೋಗಬಹುದು. ಅಕೌಂಟ್ಸ್ ಇಷ್ಟಪಡುವವರಿಗೆ ಸಿಎ ಇದೆ. ಹತ್ತನೇ ಕ್ಲಾಸು ಮುಗಿದ ಮೇಲೇ ಅದರ ಫೌಂಡೇಶನ್ ಹಂತಕ್ಕೆ ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯೋದು ಪಿಯುಸಿ ಪರೀಕ್ಷೆ ಆದ ಮೇಲೆ. ಕಾನೂನಿಗೆ ಯಾವ ಕಾಂಬಿನೇಷನ್ ಆದರೂ ನಡೆಯುತ್ತದೆ. ಚಿತ್ರ ಬರೆಯುವವರಿಗೆ ಮೈಸೂರಿನಲ್ಲೇ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ ಇದೆ.

ಸಿಇಟಿ, ನೀಟ್, ಜೆಇಇ: ಯಾವುದರಲ್ಲಿ ಏನು ಎಣಿಸುತ್ತಾರೆ?

ಈ ಮೂರೂ ಪಿಯುಸಿ ಕೊನೆಯಲ್ಲಿ ಬರೆಯುವ ಪ್ರವೇಶ ಪರೀಕ್ಷೆಗಳು. ಮೂರರ ಸ್ವಭಾವ ಬೇರೆ ಬೇರೆ.

ಸಿಇಟಿ ರಾಜ್ಯದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುತ್ತದೆ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್‌ನಂಥ ಕೋರ್ಸುಗಳ ಸರ್ಕಾರಿ ಸೀಟು ಇದರ ಮೇಲೆ ಹಂಚಿಕೆಯಾಗುತ್ತದೆ. ವಿಷಯಕ್ಕೆ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕ್ ಹಾಕುವಾಗ ಅರ್ಧ ಪಾಲು ಸಿಇಟಿಗೆ, ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ.

ಲೆಕ್ಕ ಹಾಕಿ ನೋಡೋಣ. ಒಬ್ಬ ಹುಡುಗಿಗೆ ಪಿಯುಸಿಯ ಆ ಮೂರು ವಿಷಯದಲ್ಲಿ 300ಕ್ಕೆ 285, ಅಂದರೆ ಶೇ 95. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ 50. ಎರಡರ ಸರಾಸರಿ 72.5. ಇನ್ನೊಬ್ಬ ಹುಡುಗನಿಗೆ ಪಿಯುಸಿಯಲ್ಲಿ 240, ಅಂದರೆ ಶೇ 80. ಸಿಇಟಿಯಲ್ಲಿ 126, ಅಂದರೆ ಶೇ 70. ಸರಾಸರಿ 75. ಪಿಯುಸಿಯಲ್ಲಿ 45 ಅಂಕ ಹಿಂದೆ ಇದ್ದವನು ರ್‍ಯಾಂಕಿನಲ್ಲಿ ಮುಂದೆ ಹೋದ. ಇದರ ಉಲ್ಟಾನೂ ಆಗುತ್ತದೆ. ಬರೀ ಕೋಚಿಂಗ್ ಕಡೆ ಗಮನ ಕೊಟ್ಟು ಪಿಯುಸಿ ಪಾಠ ಬಿಟ್ಟವರು ಅಲ್ಲಿ ಕಳೆದುಕೊಳ್ಳುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ಅನ್ನೋದನ್ನೂ ಗಮನಿಸಿ.

ನೀಟ್ ಇಡೀ ದೇಶಕ್ಕೆ ಒಂದೇ. ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ ಸೀಟುಗಳಿಗೆ ಇದೇ ಬೇಕು. 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಅಂಕ ಕಡಿತ. ಕನ್ನಡದಲ್ಲೂ ಬರೆಯಬಹುದು. ಪಿಯುಸಿಯಲ್ಲಿ ಎಷ್ಟೇ ಅಂಕ ಬಂದಿರಲಿ, ರ್‍ಯಾಂಕಿಗೆ ಅದನ್ನು ಸೇರಿಸುವುದಿಲ್ಲ. ಅರ್ಹತೆಗೆ ಬೇಕಾದಷ್ಟು ಇದ್ದರೆ ಆಯಿತು. ಮೈಸೂರು ಮೆಡಿಕಲ್ ಕಾಲೇಜು, ಮಂಡ್ಯದ ಮಿಮ್ಸ್‌ನ ಸೀಟುಗಳು ತುಂಬೋದು ನೀಟ್ ಅಂಕದಿಂದಲೇ.

ಜೆಇಇ ಮೇನ್ ಸುರತ್ಕಲ್‌ನ ಎನ್‌ಐಟಿಯಂಥ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಿಗೆ. ಇದೂ ಕನ್ನಡದಲ್ಲಿದೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಅದರಲ್ಲಿ ಮೇಲಿನ ಸುಮಾರು ಎರಡೂವರೆ ಲಕ್ಷ ಮಂದಿ ಜೆಇಇ ಅಡ್ವಾನ್ಸ್ಡ್ ಬರೆದು ಐಐಟಿಗೆ ಪ್ರಯತ್ನಿಸಬಹುದು. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿಯಲ್ಲಷ್ಟೇ.

ಇವಲ್ಲದೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಒಂದು ಪಾಲಿನ ಸೀಟಿಗೆ ಕಾಮೆಡ್‌–ಕೆ ಪರೀಕ್ಷೆ ಇದೆ. ಅಲ್ಲಿ ಫೀಸು ಜಾಸ್ತಿ. ಮಾಮೂಲಿ ಬಿಎ, ಬಿಕಾಂ, ಬಿಎಸ್ಸಿಗೆ ನಮ್ಮ ಕಡೆ ಹೆಚ್ಚಾಗಿ ಪಿಯುಸಿ ಅಂಕವೇ ಸಾಕು.

ಹಳ್ಳಿ ಶಾಲೆ ಬಿಡುವ ಮುಂಚೆ

ಹೈಸ್ಕೂಲು ಹಂತದಲ್ಲೇ ತಿಳಿದಿರಬೇಕಾದ, ಆದರೆ ಯಾರೂ ಹೇಳದ ವಿಷಯ ಇದು.

ಸಿಇಟಿ ಮೂಲಕ ಕೊಡುವ ಸರ್ಕಾರಿ ಸೀಟುಗಳಲ್ಲಿ ಜಾತಿ ಮೀಸಲಾತಿಯ ಒಳಗೇ ಇನ್ನೆರಡು ಕೋಟಾ ಇವೆ. ಒಂದು ಗ್ರಾಮೀಣ ಕೋಟಾ, ಶೇ 15. ಇನ್ನೊಂದು ಕನ್ನಡ ಮಾಧ್ಯಮ ಕೋಟಾ, ಶೇ 5. ಗ್ರಾಮೀಣ ಕೋಟಾ ಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮ ಕೋಟಾಕ್ಕೂ ಹಾಗೆಯೇ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ.

ಈಗ ಪಾಂಡವಪುರದ ಪಕ್ಕದ ಒಂದು ಹಳ್ಳಿ ಅಂದುಕೊಳ್ಳಿ. ಮಗು ಏಳನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆ. ‘ಹೈಸ್ಕೂಲಾದರೂ ಚೆನ್ನಾಗಿರಲಿ’ ಅಂತ ಎಂಟಕ್ಕೆ ಮೈಸೂರಿನ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುತ್ತಾರೆ. ಆ ಒಂದು ದಾಖಲಾತಿಯಿಂದ ಎರಡೂ ಕೋಟಾ ಹೋಯಿತು. ಏಳು ವರ್ಷ ಹಳ್ಳಿಯಲ್ಲಿ ಓದಿದ್ದಕ್ಕೆ ಅರ್ಧ ಲಾಭ ಅಂತೇನೂ ಇಲ್ಲ. ಊರಿನ ಸರ್ಕಾರಿ ಶಾಲೆಯಲ್ಲೇ ಉಳಿದು ಅಲ್ಲಿನ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಬದಲಾದರೆ ಗ್ರಾಮೀಣ ಕೋಟಾ ಉಳಿಯುತ್ತದೆ, ಕನ್ನಡ ಮಾಧ್ಯಮದ್ದು ಹೋಗುತ್ತದೆ.

ಕೋಟಾಗೋಸ್ಕರ ಮಗುವನ್ನು ಪಾಠವೇ ಸರಿಯಾಗಿ ನಡೆಯದ ಶಾಲೆಯಲ್ಲಿ ಇಡಿ ಅಂತ ಇದರ ಅರ್ಥವಲ್ಲ. ಗೊತ್ತಿದ್ದು ಬಿಡೋದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳೋದು ಬೇರೆ. ಹಳ್ಳಿಯಲ್ಲಿ ಒಳ್ಳೆಯ ಹೈಸ್ಕೂಲು ಇದ್ದೂ ಸುಮ್ನೆ ಅಕ್ಕಪಕ್ಕದವರನ್ನು ನೋಡಿ ಸಿಟಿಗೆ ಕಳಿಸುವ ಮನೆಗಳು ಒಮ್ಮೆ ಯೋಚಿಸಬೇಕು, ಅಷ್ಟೆ.

ಈ ಕೋಟಾ ಕೇಳುವಾಗ ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕು. ಗ್ರಾಮೀಣ ಕೋಟಾ ಕೇಳುವ ಜನರಲ್ ಮೆರಿಟ್‌ನವರು ಕೆನೆಪದರದಲ್ಲಿಲ್ಲ, ಅಂದರೆ ವರಮಾನ ಮಿತಿಯೊಳಗಿದೆ ಅನ್ನುವ ಪತ್ರವನ್ನೂ ಕೊಡಬೇಕು. ವ್ಯವಸಾಯದ ಮನೆಯವರಿಗೆ ಇನ್ನೂ ಒಂದಿದೆ. ಬಿಎಸ್ಸಿ ಕೃಷಿಯಂಥ ಕೋರ್ಸುಗಳಲ್ಲಿ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲೇ ಕೃಷಿ ಕಾಲೇಜು ಇರುವುದರಿಂದ ಇದು ನಮ್ಮ ಜಿಲ್ಲೆಯವರಿಗೆ ದೂರದ ಮಾತಲ್ಲ.

ಕಾಗದ ಪತ್ರ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು, ಹುಟ್ಟಿದ ದಿನವೇ ಮುಂದೆ ಎಲ್ಲದಕ್ಕೂ ಆಧಾರ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಇದ್ದರೆ ಸಿಇಟಿ ಅರ್ಜಿಯಲ್ಲಿ, ಬ್ಯಾಂಕಿನಲ್ಲಿ, ಸ್ಕಾಲರ್‌ಶಿಪ್‌ನಲ್ಲಿ ತಕರಾರು ಬರುತ್ತದೆ. ಇನಿಷಿಯಲ್ ಮುಂದೆ ಇದೆಯೋ ಹಿಂದೆ ಇದೆಯೋ ಅನ್ನುವಷ್ಟು ಸಣ್ಣ ವಿಷಯಕ್ಕೂ ಓಡಾಡಬೇಕಾಗುತ್ತದೆ. ಒಂಬತ್ತನೇ ಕ್ಲಾಸು ಮುಗಿಯುವುದರೊಳಗೆ ಇದನ್ನು ಸರಿಮಾಡಿಸಿದರೆ ಶಾಲೆಯಲ್ಲೇ ಮುಗಿಯುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸೋದು ದೊಡ್ಡ ಕೆಲಸ.

ಜಾತಿ, ಆದಾಯ ಪ್ರಮಾಣಪತ್ರ ಮಾಡಿಸೋದು ನಾಡಕಚೇರಿಯಲ್ಲಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ, ಸಿಇಟಿ ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪಿಯುಸಿ ಮುಗಿಯುವ ಹೊತ್ತಿಗೆ ನಡೆಯುತ್ತದಾ ಅಂತ ನೋಡಿಕೊಳ್ಳಿ.

ದುಡ್ಡು

ಎಂಟನೇ ಕ್ಲಾಸಿನಲ್ಲೇ ಬರೆಯುವ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವಾರ್ಷಿಕ ವರಮಾನ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯಿತು. ತಾರ್ಕಿಕ ಪ್ರಶ್ನೆಗಳದ್ದು ಒಂದು ಭಾಗ, ಪಠ್ಯದ್ದು ಇನ್ನೊಂದು ಭಾಗ. ಈ ಅವಕಾಶ ಎಂಟರಲ್ಲಿ ಮಾತ್ರ. ಒಂಬತ್ತಕ್ಕೆ ಬಂದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಮೇಷ್ಟರನ್ನು ಈಗಲೇ ಕೇಳಿ.

ಪಿಯುಸಿ ನಂತರದ ಖರ್ಚು ಸೀಟಿನ ಮೇಲೆ ನಿಂತಿದೆ. ಒಂದೇ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಥರ ಫೀಸು ಕಟ್ಟಿರುತ್ತಾರೆ. ಸಿಇಟಿಯ ಸರ್ಕಾರಿ ಸೀಟು, ಕಾಮೆಡ್‌–ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು. ಮೊದಲನೆಯದು ಎಲ್ಲಕ್ಕಿಂತ ಕಡಿಮೆ. ಅದರ ಜತೆಗೆ ಎಸ್‌ಎನ್‌ಕ್ಯೂ ಅಂತ ಕೆಲವು ಹೆಚ್ಚುವರಿ ಸೀಟುಗಳಿವೆ. ವರಮಾನ ಮಿತಿಯೊಳಗೆ ಇರುವವರಿಗೆ ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ.

ಊಟ, ರೂಮು, ಓಡಾಟವನ್ನು ಲೆಕ್ಕಕ್ಕೆ ಹಿಡಿಯೋದು ಮರೆತುಹೋಗುತ್ತದೆ. ಶ್ರೀರಂಗಪಟ್ಟಣದ ಹುಡುಗಿ ಮೈಸೂರಿಗೆ ದಿನಾ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಬಂದು ಹೋದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಖರ್ಚಿಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸ್. ದೂರದವರಿಗೆ ಬಿಸಿಎಂ (ಹಿಂದುಳಿದ ವರ್ಗಗಳ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ. ಬೆಂಗಳೂರಿನ ಕಾಲೇಜಿನಲ್ಲಿ ಫೀಸು ಕಡಿಮೆ ಸಿಕ್ಕಿದರೂ ಪಿಜಿ ಬಾಡಿಗೆ ಸೇರಿಸಿದರೆ ಮೈಸೂರಿನ ಎನ್‌ಐಇಯೋ ಮಂಡ್ಯದ ಪಿಇಎಸ್ಸೋ ಅಗ್ಗವಾಗಬಹುದು.

ಫೌಂಡೇಶನ್ ಕೋರ್ಸು ಬೇಕಾ?

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು, ಹತ್ತನೇ ಕ್ಲಾಸಿನ ಪರೀಕ್ಷೆ ಆದ ಮೇಲಷ್ಟೇ ಸೇರಿಸಬೇಕು, ರ್‍ಯಾಂಕ್ ಗ್ಯಾರಂಟಿ ಅಂತ ಹೇಳಬಾರದು ಅನ್ನೋದು ಅದರಲ್ಲಿತ್ತು. ರಾಜ್ಯಗಳು ಜಾರಿಗೆ ತರಬೇಕಾದ ಮಾರ್ಗಸೂಚಿ ಅದು. ಶಾಲೆಯ ಒಳಗೇ, ಶಾಲೆಯ ಫೀಸಿನ ಜತೆಗೇ ನಡೆಯುವ ತರಗತಿಗಳು ಇನ್ನೂ ಕಾಣುತ್ತವೆ.

ಕೇಳಬೇಕಾದ ಪ್ರಶ್ನೆ ಸರಳ. ಎಂಟು, ಒಂಬತ್ತರ ಗಣಿತ ಮತ್ತು ವಿಜ್ಞಾನದ ಪಾಠ ಮಗುವಿಗೆ ಅರ್ಥವಾಗುತ್ತಿದೆಯಾ? ಬೀಜಗಣಿತ, ಭಿನ್ನರಾಶಿ ಗಟ್ಟಿ ಇದೆಯಾ? ಪಿಯುಸಿ ಮೊದಲ ವರ್ಷದಲ್ಲಿ ಮಕ್ಕಳು ಎಡವೋದು ಹೆಚ್ಚಾಗಿ ಇಲ್ಲೇ. ಇದು ಗಟ್ಟಿ ಇಲ್ಲದೆ ಫೌಂಡೇಶನ್ ಕೋರ್ಸಿನ ಕಷ್ಟದ ಲೆಕ್ಕ ಮಾಡಿಸಿದರೆ ಮಗು ಉತ್ತರ ಬಾಯಿಪಾಠ ಮಾಡುತ್ತದೆ. ಗಟ್ಟಿ ಇದ್ದರೆ ಪಿಯುಸಿಯಲ್ಲಿ ಶುರು ಮಾಡಿದರೂ ತಡವಾಗುವುದಿಲ್ಲ. ನಮ್ಮ ಪಿಯು ವಿಜ್ಞಾನಕ್ಕೆ ಇರೋದು ಎನ್‌ಸಿಇಆರ್‌ಟಿ ಪಠ್ಯ. ನೀಟ್, ಜೆಇಇಗೂ ಮುಖ್ಯವಾಗಿ ಓದುವುದು ಅದನ್ನೇ.

ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರ ಒಂದು ತಯಾರಿ ಮುಂಚೆ ಬೇಕು. ಪಿಯು ಸೈನ್ಸ್ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಒಂಬತ್ತರಿಂದಲೇ ಪ್ರತಿ ಪಾಠದ ಮುಖ್ಯ ಪದಗಳ ಇಂಗ್ಲಿಷ್ ಹೆಸರನ್ನು ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಂಡರೆ ಮೊದಲ ಮೂರು ತಿಂಗಳ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ. ಇದಕ್ಕೆ ಫೀಸಿಲ್ಲ.

ಇನ್ನು ಮಗುವಿಗೆ ಯಾವುದರಲ್ಲಿ ಆಸಕ್ತಿ ಅಂತ ತಿಳಿಯೋದು ಹೇಗೆ? ಸುಮ್ನೆ ಕೂರಿಸಿಕೊಂಡು ಕೇಳಿದರೆ ಹೇಳುವುದಿಲ್ಲ. ವಿ.ಸಿ. ಫಾರಂನ ಕೃಷಿ ಮೇಳಕ್ಕೆ ಕರೆದುಕೊಂಡು ಹೋಗಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಾರ್ವಜನಿಕರಿಗೆ ತೆರೆದಿರುವ ದಿನ ನೋಡಿ ಹೋಗಿ. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರುವಾಸಿ. ಅಲ್ಲಿ ಏನು ಓದಿಸುತ್ತಾರೆ ಅಂತ ಮೈಸೂರಿನ ಮಕ್ಕಳಿಗೇ ಗೊತ್ತಿರುವುದಿಲ್ಲ. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ಚಿಕಿತ್ಸೆ ಕೊಡುವ ಕೆಲಸಕ್ಕೆ ಅಲ್ಲಿ ಡಿಗ್ರಿ ಇದೆ. ಮೇಷ್ಟರಾಗುವ ಆಸೆ ಇದ್ದರೆ ಅದೇ ಊರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ.

ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಕಡಿಮೆ ಬಂದರೆ?

ಎಸ್‌ಎಸ್‌ಎಲ್‌ಸಿ ಅಂಕ ಬೇಕಾಗೋದು ಯಾವ ಪಿಯು ಕಾಲೇಜು, ಯಾವ ಕಾಂಬಿನೇಷನ್, ಯಾವ ಡಿಪ್ಲೊಮಾ ಬ್ರಾಂಚ್ ಸಿಗುತ್ತದೆ ಅನ್ನೋದಕ್ಕೆ. ಅಲ್ಲಿಗೆ ಅದರ ದೊಡ್ಡ ಕೆಲಸ ಮುಗಿಯಿತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ: ಪರೀಕ್ಷೆ 1, ಪರೀಕ್ಷೆ 2 ಹೀಗೆ. ಫೇಲಾದವರು ಮಾತ್ರವಲ್ಲ, ಪಾಸಾಗಿ ಇನ್ನೂ ಹೆಚ್ಚು ಬೇಕು ಅನ್ನುವವರೂ ಮತ್ತೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ದ್ವಿತೀಯ ಪಿಯುಸಿಗೂ ಇದೇ ವ್ಯವಸ್ಥೆ. ಆದರೆ ಪಿಯು ಕಾಲೇಜುಗಳ ಒಳ್ಳೆಯ ಸೀಟುಗಳು ಹೆಚ್ಚಾಗಿ ಪರೀಕ್ಷೆ 1ರ ಫಲಿತಾಂಶ ಬಂದ ಬೆನ್ನಿಗೇ ತುಂಬುತ್ತವೆ. ಪರೀಕ್ಷೆ 2 ಬರೆಯುವ ಮನಸ್ಸಿದ್ದರೂ ಅರ್ಜಿಯನ್ನು ಮೊದಲ ಸುತ್ತಿನಲ್ಲೇ ಹಾಕಿಡಿ.